ಒಂದು ಪೆಟ್ಟಿಗೆ, ನಾಲ್ಕು ಸಂಸಾರ

ಹಳೆಯ ಮೈಸೂರಿನಲ್ಲಿ ಬೆಳೆದವರಿಗೆ ವಠಾರವೆಂದರೇನೆಂದು ವಿವರಿಸಬೇಕಾದ ಅಗತ್ಯವಿಲ್ಲ. ಒಂದೇ ಹೆಬ್ಬಾಗಿಲು, ಒಂದೇ ಅಂಗಳ, ಒಂದೇ ನಲ್ಲಿ. ಒಳಗೆ ಎಂಟೋ ಹತ್ತೋ ಸಂಸಾರಗಳು. ಪ್ರತಿಯೊಂದಕ್ಕೂ ತನ್ನದೇ ಒಲೆ, ತನ್ನದೇ ಬೀಗ, ತನ್ನದೇ ಲೆಕ್ಕ. ನಾನು ಬೆಳೆದದ್ದು ಅಂಥ ವಠಾರವೊಂದರಲ್ಲಿ. ಈಗ ನಿವೃತ್ತನಾದ ಮೇಲೆ ನಾನೇ ಒಂದು ವಠಾರದ ಮಾಲೀಕನಾಗಿದ್ದೇನೆ. ಅದು ಇರುವುದು ನನ್ನ ಪುಸ್ತಕದ ಬೀರುವಿನ ಕೆಳಗಿನ ಅರೆಯಲ್ಲಿ. ಗಾತ್ರ ಒಂದು ದಪ್ಪ ನಿಘಂಟಿನಷ್ಟು. ಈ ಹೊತ್ತಿನ ನನ್ನ ಮಾತು ಆ ವಠಾರವನ್ನು ಕುರಿತದ್ದು.

ಅದೊಂದು ಕಂಪ್ಯೂಟರು. ಆದರೆ ಅದಕ್ಕೆ ತೆರೆಯೂ ಇಲ್ಲ, ಕೀಲಿಮಣೆಯೂ ಇಲ್ಲ. ಅದರ ಮುಂದೆ ಯಾರೂ ಕೂರುವುದಿಲ್ಲ. ಹಗಲೂ ರಾತ್ರಿ ಎಚ್ಚರವಾಗಿದ್ದು, ಮನೆಯ ಇತರ ಯಂತ್ರಗಳು ಕೇಳಿದ್ದನ್ನು ಒದಗಿಸುವುದೇ ಅದರ ಕೆಲಸ. ಇಂಥ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಸೇವೆ ಮಾಡುವುದು ಎಂದೇ ಅದರ ಅರ್ಥ. ದೊಡ್ಡ ಬ್ಯಾಂಕು, ಕಚೇರಿಗಳಲ್ಲಿರುವ ಈ ವಸ್ತು ಒಂದು ಸಾಮಾನ್ಯ ಸಂಸಾರಕ್ಕೆ ಏಕೆ ಬೇಕು ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಕೇಳಿದಳು.

ನಾನು ಕೊಟ್ಟ ಉತ್ತರ ಇದು. ನನ್ನ ತಾಯಿಗೆ ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗರ ಹಾಡು ಹೀಗೆ ಹತ್ತಾರು ಸಂಪ್ರದಾಯದ ಹಾಡುಗಳು ಬಾಯಿಪಾಠವಾಗಿದ್ದವು. ಅವಳು ಒಂದನ್ನೂ ಬರೆದಿಡಲಿಲ್ಲ. 1984ರ ಬೇಸಿಗೆಯಲ್ಲಿ ನಾನೂ ನನ್ನ ತಂಗಿಯೂ ಸೇರಿ ಮೂವತ್ತನಾಲ್ಕು ಹಾಡುಗಳನ್ನು ಕ್ಯಾಸೆಟ್ಟುಗಳಲ್ಲಿ ಹಿಡಿದೆವು. ಕಾಲಾಂತರದಲ್ಲಿ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯಿತು. 2016ರಲ್ಲಿ ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಹಾಳಾದ ಕ್ಯಾಸೆಟ್ಟುಗಳನ್ನು ಎಸೆದುಬಿಟ್ಟೆ. ಅವುಗಳೊಡನೆ ಮನೆಯ ಚಿತ್ರಗಳು, ನನ್ನ ಟಿಪ್ಪಣಿಗಳು, ಮೊಮ್ಮಕ್ಕಳ ಮೊದಲ ಮಾತುಗಳು ಎಲ್ಲವೂ ಒಂದೆಡೆ ಸುರಕ್ಷಿತವಾಗಿರಲಿ, ಪರರ ಉಗ್ರಾಣಕ್ಕೆ ತಿಂಗಳ ಬಾಡಿಗೆ ತೆರುವುದು ಬೇಡ ಎಂಬುದು ನನ್ನ ಆಸೆ. 2020ರಲ್ಲಿ, ಎಲ್ಲರೂ ಮನೆಯೊಳಗೇ ಉಳಿದ ಕಾಲದಲ್ಲಿ, ಕಚೇರಿಯೊಂದು ಮಾರಿದ ಹಳೆಯ ಸಣ್ಣ ಕಂಪ್ಯೂಟರನ್ನು ಕೊಂಡು ತಂದೆ.

ಇಲ್ಲಿ ವಠಾರದ ಮಾತು ಬರುತ್ತದೆ. ಚಿತ್ರಗಳ ಸಂಗ್ರಹಕ್ಕೆ ಒಂದು ಬಗೆಯ ವ್ಯವಸ್ಥೆ ಬೇಕು, ಕಡತಗಳಿಗೆ ಇನ್ನೊಂದು, ಜಾಹೀರಾತುಗಳನ್ನು ಬಾಗಿಲಲ್ಲೇ ತಡೆಯುವ ಕಾವಲಿಗೆ ಮತ್ತೊಂದು. ಇವೆಲ್ಲವನ್ನೂ ಒಂದೇ ಕೋಣೆಯಲ್ಲಿ ತುರುಕಿದರೆ ಒಂದರ ಕಾಲು ಇನ್ನೊಂದಕ್ಕೆ ತೊಡರುತ್ತದೆ. ಒಂದನ್ನು ದುರಸ್ತಿ ಮಾಡಹೋಗಿ ಇನ್ನೊಂದನ್ನು ಕೆಡಿಸುತ್ತೇವೆ. ಹಾಗೆಂದು ನಾಲ್ಕು ಕೆಲಸಕ್ಕೆ ನಾಲ್ಕು ಕಂಪ್ಯೂಟರು ಕೊಳ್ಳುವ ಶಕ್ತಿ ಪಿಂಚಣಿದಾರನಿಗೆ ಎಲ್ಲಿಂದ ಬರಬೇಕು? ಇದಕ್ಕೆ ಪರಿಹಾರವೇ ವರ್ಚುವಲ್ ಮೆಷೀನು. ತೋರಿಕೆಯ ಯಂತ್ರ ಎಂದು ಕನ್ನಡದಲ್ಲಿ ಕರೆಯೋಣ. ಒಂದೇ ನಿಜವಾದ ಯಂತ್ರದೊಳಗೆ ಹಲವು ತೋರಿಕೆಯ ಯಂತ್ರಗಳು ವಾಸಿಸುತ್ತವೆ. ಪ್ರತಿಯೊಂದೂ ತಾನೊಂದೇ ಇಡೀ ಮನೆಯ ಒಡೆಯ ಎಂದೇ ನಂಬಿರುತ್ತದೆ. ಅವುಗಳ ನಡುವೆ ನಿಂತು ಜಾಗ ಹಂಚಿ, ಜಗಳವಾಗದಂತೆ ನೋಡಿಕೊಳ್ಳುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು. ಅದೇ ವಠಾರದ ಯಜಮಾನ.

ಈ ಕಲ್ಪನೆ ಹೊಸದೇನೂ ಅಲ್ಲ. ಅಮೆರಿಕದ ಕೇಂಬ್ರಿಜ್‌ನಲ್ಲಿ ಐಬಿಎಂ ಸಂಸ್ಥೆಯ ಸಂಶೋಧಕರು 1960ರ ದಶಕದಲ್ಲೇ ಇದನ್ನು ಸಾಧಿಸಿದ್ದರು. 1972ರಲ್ಲಿ ಅದು ವಿಎಂ/370 ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ಒಂದು ಯಂತ್ರದ ಬೆಲೆಯಲ್ಲಿ ಒಂದು ಕಟ್ಟಡವನ್ನೇ ಕಟ್ಟಬಹುದಾಗಿದ್ದ ಕಾಲದಲ್ಲಿ ಅದನ್ನು ಹಲವರು ಹಂಚಿಕೊಳ್ಳುವುದು ಅನಿವಾರ್ಯವಾಗಿತ್ತು. 1974ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ಇಬ್ಬರು ವಿದ್ವಾಂಸರು ಇದಕ್ಕೆ ಶಾಸ್ತ್ರೀಯವಾದ ನಿಯಮವನ್ನು ಕೊಟ್ಟರು. ಸರಳವಾಗಿ ಹೇಳುವುದಾದರೆ, ಇಡೀ ಯಂತ್ರದ ಸ್ಥಿತಿಯನ್ನು ಮುಟ್ಟುವ ಯಾವ ಆಜ್ಞೆಯನ್ನು ಒಕ್ಕಲು ಕೊಟ್ಟರೂ ಅದು ಮೊದಲು ಯಜಮಾನನ ಕೈಗೆ ಬರಬೇಕು. ವಠಾರದ ಮುಖ್ಯ ಫ್ಯೂಸಿಗೆ ಕೈಹಾಕುವವನು ಯಜಮಾನನನ್ನು ಕೇಳಲೇಬೇಕು ಎಂಬಂತೆ.

ಮನೆಮನೆಗೆ ಬಂದ ಸಣ್ಣ ಕಂಪ್ಯೂಟರುಗಳಲ್ಲಿ ಈ ನಿಯಮ ಪಾಲನೆಯಾಗುತ್ತಿರಲಿಲ್ಲ. ಅವುಗಳ ಪ್ರೊಸೆಸರಿನಲ್ಲಿ ಕೆಲವು ಆಜ್ಞೆಗಳು ಯಜಮಾನನಿಗೆ ತಿಳಿಯದಂತೆ ಸದ್ದಿಲ್ಲದೆ ಜಾರಿಹೋಗುತ್ತಿದ್ದವು. 1999ರಲ್ಲಿ ವಿಎಂವೇರ್ ಸಂಸ್ಥೆ ಅಂಥ ಆಜ್ಞೆಗಳನ್ನು ಓಡುತ್ತಿರುವಾಗಲೇ ತಿದ್ದಿ ಬರೆಯುವ ಜಾಣತನದಿಂದ ಈ ತೊಡಕನ್ನು ದಾಟಿತು. 2005 ಮತ್ತು 2006ರಲ್ಲಿ ಇಂಟೆಲ್ ಮತ್ತು ಎಎಂಡಿ ಸಂಸ್ಥೆಗಳು ಪ್ರೊಸೆಸರಿನಲ್ಲೇ ಬೇಕಾದ ಏರ್ಪಾಟನ್ನು ಮಾಡಿಕೊಟ್ಟವು. ಅದನ್ನು ಬಳಸುವ ಕೆವಿಎಂ ಎಂಬ ಭಾಗ 2007ರಲ್ಲಿ ಲಿನಕ್ಸಿನೊಳಗೆ ಸೇರಿತು. ನಾನು ಬಳಸುವ ಪ್ರಾಕ್ಸ್‌ಮಾಕ್ಸ್ ಎಂಬ ಯಜಮಾನ ನಿಂತಿರುವುದು ಇದರ ಮೇಲೆಯೇ. ಅದಕ್ಕೆ ಹಣ ಕೊಡಬೇಕಾಗಿಲ್ಲ.

ಸ್ಥಾಪನೆಯ ದಿನ ನನ್ನ ಮೊದಲ ಒಕ್ಕಲು ಕಣ್ಣನ್ನೇ ತೆರೆಯಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಮೊಮ್ಮಗ ಬಂದು, “ತಾತ, ಬಯಾಸ್‌ನಲ್ಲಿ ವರ್ಚುವಲೈಸೇಷನ್ ಆನ್ ಮಾಡಿದ್ದೀರಾ?” ಎಂದ. ಮಾಡಿರಲಿಲ್ಲ. ಯಂತ್ರ ಹುಟ್ಟುಹಾಕುವಾಗ ಕಾಣುವ ಆ ಮೂಲ ಪಟ್ಟಿಯಲ್ಲಿ ಈ ಅನುಕೂಲ ಎಷ್ಟೋ ವೇಳೆ ಮುಚ್ಚಿಯೇ ಇರುತ್ತದೆ. ಮೊದಲು ಅದನ್ನು ತೆರೆಯಬೇಕು.

ಮುಂದಿನದು ಹಂಚಿಕೆ. ನನ್ನ ಯಂತ್ರದಲ್ಲಿ 16 ಜಿಬಿ ರ‍್ಯಾಮ್ ಇದೆ. ಯಜಮಾನನಿಗೆ 2, ಚಿತ್ರಸಂಗ್ರಹಕ್ಕೆ 6, ಕಡತಗಳಿಗೆ 4, ಕಾವಲಿಗೆ 1, ನನ್ನ ಪ್ರಯೋಗಗಳಿಗೆ 2, ಉಳಿದದ್ದು ಒಂದು. ಇಲ್ಲಿ ಒಂದು ಸೂಕ್ಷ್ಮವಿದೆ. ಪ್ರೊಸೆಸರು ವಠಾರದ ನಲ್ಲಿಯಂತೆ. ಎಲ್ಲರೂ ಒಂದೇ ಕ್ಷಣದಲ್ಲಿ ಕೊಡ ಹಿಡಿಯುವುದಿಲ್ಲವಾದ್ದರಿಂದ, ಇರುವುದಕ್ಕಿಂತ ಹೆಚ್ಚನ್ನು ಹಂಚಿದರೂ ನಡೆಯುತ್ತದೆ. ಕೆಲವೊಮ್ಮೆ ಸ್ವಲ್ಪ ಕಾಯಬೇಕಾದೀತು, ಅಷ್ಟೆ. ರ‍್ಯಾಮ್ ಹಾಗಲ್ಲ, ಅದು ಮಲಗುವ ಜಾಗದಂತೆ. ಇಲ್ಲದ ಜಾಗವನ್ನು ಬಾಡಿಗೆಗೆ ಕೊಟ್ಟರೆ ಒಂದು ರಾತ್ರಿ ಯಾರಾದರೂ ಬೀದಿಗೆ ಬೀಳುತ್ತಾರೆ.

ಖರ್ಚಿನ ಮಾತನ್ನೂ ಹೇಳಿಬಿಡುತ್ತೇನೆ. ಯಂತ್ರ ಸುಮಾರು 20 ವ್ಯಾಟ್ ವಿದ್ಯುತ್ತನ್ನು ಉಣ್ಣುತ್ತದೆ. ತಿಂಗಳಿಗೆ ಹದಿನಾಲ್ಕು ಹದಿನೈದು ಯೂನಿಟ್ಟು. ವಿದ್ಯುತ್ತು ಹೋದಾಗ ಬರೆಯುತ್ತಿದ್ದ ಕಡತ ಅರ್ಧದಲ್ಲಿ ಕತ್ತರಿಸಿಹೋಗದಂತೆ ಒಂದು ಸಣ್ಣ ಯುಪಿಎಸ್ ಇಟ್ಟಿದ್ದೇನೆ.

ಎರಡು ವರ್ಷ ಈ ವಠಾರ ನನಗೆ ಅಪಾರ ಸಂತೋಷ ಕೊಟ್ಟಿತು. ಪ್ರಯೋಗದ ಕೋಣೆಯನ್ನು ಎಷ್ಟು ಬಾರಿ ಕೆಡಿಸಿದೆನೋ ಲೆಕ್ಕವಿಲ್ಲ. ಪಕ್ಕದ ಚಿತ್ರಸಂಗ್ರಹಕ್ಕೆ ಅದರ ಸುಳಿವೇ ಹತ್ತಲಿಲ್ಲ. ಸ್ನ್ಯಾಪ್‌ಶಾಟ್ ಎಂಬ ಸೌಕರ್ಯವಂತೂ ಮಾಯಾಜಾಲದಂತಿತ್ತು. ಒಂದು ಗುಂಡಿ ಒತ್ತಿದರೆ ಆ ಕ್ಷಣದ ಸ್ಥಿತಿ ಹಾಗೆಯೇ ನಿಂತುಬಿಡುತ್ತದೆ. ಆ ಮೇಲೆ ಏನು ಅನಾಹುತ ಮಾಡಿಕೊಂಡರೂ ಮತ್ತೆ ಅಲ್ಲಿಗೇ ಮರಳಬಹುದು. ನಾನು ಪ್ರತಿ ಭಾನುವಾರ ಎಲ್ಲ ಒಕ್ಕಲುಗಳ ಸ್ನ್ಯಾಪ್‌ಶಾಟ್ ತೆಗೆದು, ಎಲ್ಲವೂ ಭದ್ರವಾಗಿದೆಯೆಂದು ನಿದ್ದೆ ಮಾಡುತ್ತಿದ್ದೆ.

2022ರ ಮಳೆಗಾಲದ ಒಂದು ಬೆಳಿಗ್ಗೆ ಡಿಸ್ಕು ಸತ್ತಿತು. ಯಾವ ಮುನ್ಸೂಚನೆಯೂ ಇರಲಿಲ್ಲ. ಆಗ ನನಗೆ ಹೊಳೆದದ್ದು ಮೊದಲೇ ಹೊಳೆಯಬೇಕಾಗಿದ್ದ ಸಂಗತಿ. ನನ್ನ ನಾಲ್ಕು ಸಂಸಾರಗಳ ನಾಲ್ಕು ಡಿಸ್ಕುಗಳೂ ತೋರಿಕೆಯವು. ನಿಜದಲ್ಲಿ ಅವು ಆ ಒಂದೇ ಡಿಸ್ಕಿನ ಮೇಲಿನ ನಾಲ್ಕು ಭಾಗಗಳು. ಸ್ನ್ಯಾಪ್‌ಶಾಟುಗಳೂ ಅಲ್ಲಿಯೇ. ಮನೆಯ ಪತ್ರಗಳಿಗೆ ನಕಲು ಮಾಡಿಸಿ, ಮೂಲವನ್ನೂ ನಕಲನ್ನೂ ಒಂದೇ ಟ್ರಂಕಿನಲ್ಲಿ ಇಟ್ಟವನ ಬುದ್ಧಿ ನನ್ನದಾಗಿತ್ತು. ಗೋಡೆಗಳು ಒಬ್ಬರಿಂದೊಬ್ಬರನ್ನು ಕಾಯುತ್ತವೆ, ನಿಜ. ಸೂರು ಬಿದ್ದರೆ ಅವು ಯಾರನ್ನೂ ಕಾಯಲಾರವು.

ನಾನು ಹಿಂದೊಮ್ಮೆ ಕೆಲವು ಹಾಡುಗಳನ್ನು ಪೆನ್ ಡ್ರೈವಿನಲ್ಲಿ ಶಿವಮೊಗ್ಗದ ತಂಗಿಗೆ ಕಳುಹಿಸಿದ್ದೆ. ಅದರಲ್ಲಿ ಇಪ್ಪತ್ತೊಂದು ಸಿಕ್ಕವು. ಹದಿಮೂರು ಹೋದವು.

ಮತ್ತೆ ವಠಾರ ಕಟ್ಟಿದೆ, ಬೇರೆ ನಿಯಮದಿಂದ. ಪ್ರತಿ ರಾತ್ರಿ ನಾಲ್ಕೂ ಒಕ್ಕಲುಗಳ ಪೂರ್ಣ ನಕಲು ಬೇರೊಂದು ಡಿಸ್ಕಿಗೆ ಹೋಗುತ್ತದೆ. ತೋರಿಕೆಯ ಯಂತ್ರದ ಒಂದು ದೊಡ್ಡ ಗುಣ ಇಲ್ಲಿ ಸಹಾಯಕ್ಕೆ ಬರುತ್ತದೆ: ಇಡೀ ಯಂತ್ರವೇ ಕಡತವಾಗಬಲ್ಲುದರಿಂದ, ಅದನ್ನು ಗಂಟುಕಟ್ಟಿ ಒಯ್ದು ಇನ್ನೊಂದು ಪೆಟ್ಟಿಗೆಯಲ್ಲಿ ಎಬ್ಬಿಸಬಹುದು. ಮೂರನೆಯ ನಕಲು ತಂಗಿಯ ಮನೆಯ ಬೀರುವಿನಲ್ಲಿದೆ. ಹಬ್ಬಕ್ಕೆ ಹೋದಾಗ ಹಳೆಯ ಡಿಸ್ಕು ತಂದು ಹೊಸದನ್ನು ಇಟ್ಟು ಬರುತ್ತೇನೆ. ಇಷ್ಟೂ ಸಾಲದು. ತಿಂಗಳಿಗೊಮ್ಮೆ ನಕಲಿನಿಂದ ಒಂದು ಒಕ್ಕಲನ್ನು ಎಬ್ಬಿಸಿ, ಅದರೊಳಗಿನ ಒಂದು ಹಾಡನ್ನು ಕೊನೆಯವರೆಗೂ ಕೇಳುತ್ತೇನೆ. ಎಬ್ಬಿಸಿ ನೋಡದ ನಕಲನ್ನು ನಾನು ಈಗ ನಕಲೆಂದು ಎಣಿಸುವುದಿಲ್ಲ.

ಹೋದ ಹದಿಮೂರು ಹಾಡುಗಳಲ್ಲಿ ಐದು ತಂಗಿಗೆ ನೆನಪಿವೆ. ಕಳೆದ ದೀಪಾವಳಿಯಲ್ಲಿ ಅವಳನ್ನು ಕೂರಿಸಿ ಅವನ್ನು ಧ್ವನಿಮುದ್ರಿಸಿದೆ. ಒಂದು ಆರತಿ ಹಾಡಿನ ನಡುವೆ ಅವಳು ನುಡಿ ಮರೆತು, “ಅಣ್ಣ, ಅಮ್ಮ ಇಲ್ಲಿ ಏನು ಹೇಳುತ್ತಿದ್ದಳೋ?” ಎಂದು ನನ್ನ ಮುಖ ನೋಡಿದಳು. ನನಗೂ ತಿಳಿಯಲಿಲ್ಲ. ಆ ಪ್ರಶ್ನೆಯನ್ನೂ ಅಳಿಸದೆ ಹಾಗೆಯೇ ಉಳಿಸಿಕೊಂಡಿದ್ದೇನೆ, ಮೂರು ಕಡೆ.