ಮಂಗಳೂರಿಗೆ ಬಂದ ಅಡ್ಮಿರಲ್

ಒಳನಾಡಿನ ಯಳವತ್ತಿಯ ಎರೆಹೊಲದಾಗ ನಿಂತು ಸುತ್ತ ನೋಡಿದ್ರ ಕಡಲಿನ ಸುಳಿವೂ ಇಲ್ಲ. ಆದ್ರ 1780ರಲ್ಲಿ ಈ ಸೀಮೆಯೂ ಸೇರಿ ಕೃಷ್ಣೆಯವರೆಗೆ ಕೈಚಾಚಿದ್ದ ಮೈಸೂರಿನ ಹೈದರಾಲಿಗೆ ಕಡಲಿನ ಕನಸೂ ಇತ್ತು. ಮಂಗಳೂರಿನಲ್ಲಿ ಅವನ ಹಡಗುಗಳಿದ್ದವು.

ಡಿಸೆಂಬರ್ 8. ಹೈದರನ ಜೊತೆ ಯುದ್ಧದಲ್ಲಿದ್ದ ಬ್ರಿಟಿಷರ ಅಡ್ಮಿರಲ್ ಸರ್ ಎಡ್ವರ್ಡ್ ಹ್ಯೂಸ್ ಬಂದ. ಹೈದರನ ಬಾವುಟ ಹಾರಿಸಿಕೊಂಡು ಲಂಗರು ಹಾಕಿದ್ದ ಹಡಗುಗಳು ಕಣ್ಣಿಗೆ ಬಿದ್ದವು. ದೊಡ್ಡ ಹಡಗುಗಳನ್ನು ದಡದ ಹತ್ತಿರಕ್ಕೆ ಒಯ್ಯೋದು ಕಷ್ಟ. ಹಂಗಾಗಿ ಸಣ್ಣ ದೋಣಿಗಳಲ್ಲಿ ಹುಟ್ಟು ಹಾಕುತ್ತಾ, ದಡದ ಗುಂಡಿನ ಮಳೆಯ ನಡುವೆಯೇ ನಾವಿಕರು ನುಗ್ಗಿದರು. 28 ಮತ್ತು 26 ತೋಪುಗಳ ಎರಡು ಹಡಗು ಬೆಂಕಿಗೆ ಆಹುತಿ. ಒಂದು ಸಣ್ಣ ಹಡಗು ಮಾತ್ರ ಭಾರವನ್ನೆಲ್ಲ ನೀರಿಗೆ ಎಸೆದು, ಹಗುರಾಗಿ ಬಂದರಿನೊಳಗೆ ನುಸುಳಿತು! ಅದನ್ನು ನಡೆಸಿದ ನಾವಿಕನ ಹೆಸರು ಗೊತ್ತಿದ್ದಿದ್ರೆ ಈ ರೀಲ್ ಅವನದೇ ಆಗ್ತಿತ್ತು.

ಹ್ಯೂಸ್ 1735ರಲ್ಲೇ ನೌಕಾಪಡೆ ಸೇರಿದವ. ಕೆನಡಾದ ಲೂಯಿಬರ್ಗ್, ಕ್ವಿಬೆಕ್ ದಾಳಿಗಳನ್ನು ಕಂಡವ. ಆದ್ರ ಅವನ ನಿಜವಾದ ಎದುರಾಳಿ ಸಿಕ್ಕಿದ್ದು 1782ರಲ್ಲಿ: ಹೈದರನ ಗೆಳೆಯರಾದ ಫ್ರೆಂಚರ ನೌಕಾ ಸೇನಾಪತಿ ಸಫ್ರೆನ್. ಸದ್ರಾಸ್‌ನಿಂದ ಕಡಲೂರಿನವರೆಗೆ, ಹದಿನಾರು ತಿಂಗಳಲ್ಲಿ ಐದು ಕಾಳಗ. ಹಾಯಿ ಹರಿದವು, ಕೂವೆ ಮುರಿದವು, ಸಾವಿರಾರು ಜನ ಸತ್ತರು ಇಲ್ಲವೇ ಗಾಯಗೊಂಡರು. ಯಾರೂ ಪೂರ್ತಿ ಗೆಲ್ಲಲಿಲ್ಲ. ಐದನೆಯದು ನಡೆದದ್ದು 1783ರ ಜೂನ್‌ನಲ್ಲಿ. ತಮಾಷೆ ನೋಡಿ, ಅಷ್ಟೊತ್ತಿಗೆ ಯುರೋಪಿನಲ್ಲಿ ಬ್ರಿಟಿಷರು, ಫ್ರೆಂಚರ ನಡುವಿನ ಪ್ರಾಥಮಿಕ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದು ತಿಂಗಳುಗಳೇ ಆಗಿದ್ದವು. ಸುದ್ದಿ ಇನ್ನೂ ಹಡಗಿನಲ್ಲೇ ಬರ್ತಿತ್ತು!

ಹ್ಯೂಸ್‌ನ 74 ತೋಪುಗಳ ಹಡಗು ‘ಸೂಪರ್ಬ್’ ಅದೇ ವರ್ಷದ ನವೆಂಬರ್‌ನಲ್ಲಿ ತಲಶ್ಶೇರಿ ಬಳಿ ಒಡೆದುಹೋಯ್ತು. ಹ್ಯೂಸ್ ಮಾತ್ರ ಸಿರಿವಂತನಾಗಿ ಊರಿಗೆ ಮರಳಿ, 1794ರಲ್ಲಿ ತೀರಿಕೊಂಡ.