ಮಳೆ ನಂಬಿದ ಊರುಗಳಲ್ಲಿ ಟ್ಯೂಷನ್ ಕೇಂದ್ರಗಳು

ಚಿತ್ರದುರ್ಗ ಜಿಲ್ಲೆ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿದ ಬಯಲುಸೀಮೆ. ನಮ್ಮ ಕರಾವಳಿಯ ಅನೇಕ ಮನೆಗಳಲ್ಲಿ ಮಕ್ಕಳ ಟ್ಯೂಷನ್ ಶುಲ್ಕ ತಿಂಗಳ ಸಂಬಳದಿಂದಲೋ ಗಲ್ಫ್‌ನಿಂದ ಬರುವ ಹಣದಿಂದಲೋ ಸಲ್ಲುತ್ತದೆ. ಚಿತ್ರದುರ್ಗ, ಹಿರಿಯೂರು ಕಡೆಯ ರೈತರಿಗೆ ಶೇಂಗಾ, ಈರುಳ್ಳಿ ಮಾರಾಟವಾದ ಮೇಲೆಯೇ ಕೈಯಲ್ಲಿ ಹಣ. ಹೊಳಲ್ಕೆರೆ, ಹೊಸದುರ್ಗದ ಅಡಿಕೆ, ತೆಂಗಿನ ತೋಟದವರೂ ಕೊಳವೆಬಾವಿ ಬತ್ತಿದರೆ ಕಂಗಾಲಾಗುತ್ತಾರೆ. ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ ಎಂದರೆ ಮಳೆಯ ಅನಿಶ್ಚಿತತೆ ಅರ್ಥವಾದೀತು.

ಶಾಲೆ ಆರಂಭವಾಗುವ ಜೂನ್ ತಿಂಗಳೇ ಬೀಜ, ಗೊಬ್ಬರಕ್ಕೆ ಸಾಲ ಮಾಡುವ ಕಾಲ. ಆಗಲೇ ಪೂರ್ತಿ ಶುಲ್ಕ ಕೇಳಿದರೆ ಮಗು ಬರುವುದಿಲ್ಲ. ಸುಗ್ಗಿಯವರೆಗೆ ಕಾಯೋಣವೆಂದರೆ ಕಟ್ಟಡದ ಬಾಡಿಗೆ ಕಾಯುವುದಿಲ್ಲ. ಸಣ್ಣ ಕೇಂದ್ರದ ಮೂಲ ಕಷ್ಟ ಇದೇ. ಜೂನ್‌ನಲ್ಲಿ ಸ್ವಲ್ಪ, ಫಸಲು ಬಂದ ಮೇಲೆ ಉಳಿದದ್ದು ಎಂದು ಕಂತು ಮಾಡುವುದು ಇದಕ್ಕೆ ಸರಳ ಪರಿಹಾರ.

ಪಾಠವೂ ಕಾಲಕ್ಕೆ ತಕ್ಕಂತೆ ಬದಲಾಗಬೇಕಾಗಿದೆ. ಒಂದು ಕಾಲದಲ್ಲಿ ಟೈಪಿಂಗ್, ಶೀಘ್ರಲಿಪಿ ಕಲಿತವರಿಗೆ ಕೆಲಸ ಖಚಿತವಿತ್ತು. ಕಂಪ್ಯೂಟರ್ ಬಂದು ಆ ಬೇಡಿಕೆ ಕುಗ್ಗಿತು. ಈಗ ಪಾಲಕರು ಕೇಳುವುದು ಸಿಇಟಿ, ನೀಟ್, ನವೋದಯ, ಪೊಲೀಸ್ ನೇಮಕಾತಿ ತರಬೇತಿ. 2020ರ ಲಾಕ್‌ಡೌನ್‌ನಲ್ಲಿ ಪಾಠ ಮೊಬೈಲಿಗೆ ಹೋಯಿತು. ಮನೆಗೊಂದೇ ಫೋನ್ ಇದ್ದ ಮಕ್ಕಳು ಹಿಂದೆ ಬಿದ್ದರು. ಆ ಸಮಯದಲ್ಲಿ ಭಾರೀ ಬೆಳೆದ ಬೆಂಗಳೂರಿನ ಬೈಜೂಸ್ 2024ರಲ್ಲಿ ದಿವಾಳಿ ಪ್ರಕ್ರಿಯೆಗೆ ಸಿಲುಕಿತು. ದೊಡ್ಡದೆಲ್ಲ ಭದ್ರವಲ್ಲ.

ಕಾನೂನನ್ನೂ ತಿಳಿದಿರಬೇಕು. 2017ರಿಂದ ಕೋಚಿಂಗ್ ಸೇವೆಗೆ ಶೇ. 18 ಜಿಎಸ್‌ಟಿ ಇದೆ. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದ ಸಣ್ಣ ಕೇಂದ್ರಗಳಿಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೋಚಿಂಗ್ ಕೇಂದ್ರಗಳು 16 ವರ್ಷದೊಳಗಿನವರನ್ನು ಸೇರಿಸಬಾರದು, ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಶುಲ್ಕ ಮರಳಿಸಬೇಕು ಎಂದು 2024ರ ಜನವರಿಯ ಕೇಂದ್ರ ಮಾರ್ಗಸೂಚಿ ಹೇಳುತ್ತದೆ. ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ನಡೆಸುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ.

ಬರದ ವರ್ಷದಲ್ಲಿ ಮನೆಯವರು ಮೊದಲು ಕಡಿತ ಮಾಡುವ ಖರ್ಚು ಟ್ಯೂಷನ್, ಅದರಲ್ಲೂ ಹೆಣ್ಣುಮಗಳದ್ದು. ಇಲ್ಲಿ ಧರ್ಮಕೇಂದ್ರಗಳಿಗೆ ಕೆಲಸವಿದೆ. ವಾರದ ದಿನಗಳಲ್ಲಿ ಖಾಲಿ ಇರುವ ಸಭಾಭವನವನ್ನು ಸಂಜೆಯ ಅಭ್ಯಾಸಕ್ಕೆ ತೆರೆದರೆ ಬಾಡಿಗೆಯ ಭಾರ ಇಳಿಯುತ್ತದೆ. ನಿವೃತ್ತ ಶಿಕ್ಷಕರು ವಾರಕ್ಕೆ ಎರಡು ಗಂಟೆ ಗಣಿತ ಹೇಳಿಕೊಡಬಹುದು. ಸಂತ ವಿನ್ಸೆಂಟ್ ದೇ ಪಾವ್ಲ್ ಸಭೆಯಂಥ ಸಂಘಟನೆಗಳು ಸುಗ್ಗಿಯವರೆಗಿನ ಶುಲ್ಕದ ಹೊಣೆ ಹೊರಬಹುದು. ಮಳೆ ಕೈಕೊಟ್ಟ ವರ್ಷವೂ ಮಗುವಿನ ಓದು ನಿಲ್ಲಬಾರದು.