ಮರಿಯ ಕಣ್ಣಿನ ನೀಲಿ ಮಂಜು

ನಿನ್ನೆ ಮನೆಯೆಲ್ಲ ಕುಣಿದಾಡಿದ ನಾಯಿಮರಿ ಇಂದು ಅನ್ನದ ತಟ್ಟೆಯತ್ತ ಮೂಗೂ ಚಾಚದು. ಜ್ವರ, ವಾಂತಿ, ಮುಟ್ಟಿದರೆ ಹೊಟ್ಟೆನೋವು. ಸಾವು ಎಷ್ಟು ಬೇಗ ಬರಬಹುದೆಂದರೆ, ಯಾರೋ ವಿಷವಿಕ್ಕಿದರೆಂದು ನೆರೆಯವರನ್ನು ಶಂಕಿಸುವುದೂ ಉಂಟು.

ಅಪರಾಧಿ ನಾಯಿಗಳ ಅಡಿನೋವೈರಸ್-1. ಸ್ವೀಡನ್ನಿನ ರುಬಾರ್ತ್ 1947ರಲ್ಲಿ ಈ ರೋಗವನ್ನು ವಿವರವಾಗಿ ದಾಖಲಿಸಿದರು. ಟಾನ್ಸಿಲ್‌ನಲ್ಲಿ ಬೆಳೆದ ವೈರಾಣು ರಕ್ತಕ್ಕಿಳಿದು ಪಿತ್ತಜನಕಾಂಗ, ಮೂತ್ರಪಿಂಡ, ರಕ್ತನಾಳಗಳನ್ನು ಕೆಡಿಸುತ್ತದೆ. ಗುಣವಾದ ನಾಯಿಯ ಮೂತ್ರದಲ್ಲೂ ತಿಂಗಳುಗಟ್ಟಲೆ ಹೊರಬೀಳುತ್ತದೆ. ಆ ಮೂತ್ರ ಬಿದ್ದ ಕಂಬ ಮೂಸದ ನಾಯಿ ಎಲ್ಲಿದೆ?

ಮನುಷ್ಯರಿಗೆ ಇದು ಅಂಟದು.

ಚೇತರಿಸಿಕೊಳ್ಳುವಾಗ ಕೆಲವು ನಾಯಿಗಳ ಕಣ್ಣು ನೀಲಿಯಾಗಿ ಮಂಜಾಗುತ್ತದೆ. ಹಳೆಯ ಲಸಿಕೆಯಿಂದಲೂ ಹೀಗಾಗುತ್ತಿದ್ದುದರಿಂದ ಈಗ ಲಸಿಕೆಗೆ ಈ ವೈರಾಣುವಿನ ಸೋದರ ಅಡಿನೋವೈರಸ್-2 ಬಳಸುತ್ತಾರೆ. 6-8 ವಾರಕ್ಕೆ ಶುರುವಾದ ಲಸಿಕೆಯನ್ನು 16 ವಾರದವರೆಗೂ ಕಂತುಕಂತಾಗಿ ಹಾಕಿಸಬೇಕು. ಏಕೆಂದರೆ ತಾಯಿಹಾಲಿನ ಪ್ರತಿಕಾಯಗಳು ಮೊದಲ ಚುಚ್ಚುಮದ್ದನ್ನೇ ನಿಷ್ಫಲಗೊಳಿಸಬಹುದು.